ವೆಂಕಮ್ಮನ ಮಣ್ಣಿಗೆ ಆರು ಷರತ್ತು

ಫ್ಲೆಕ್ಸಿನ ಮೇಲಿದ್ದ ಹಕ್ಕಿ ಕರೇದಿನ್ನಿ ಕೆರೆಗೆ ಇದುವರೆಗೆ ಒಮ್ಮೆಯೂ ಬಂದದ್ದಿಲ್ಲ. ಅದು ರಾಜಹಂಸ. ನಸುಗೆಂಪು ಮೈ, ಕೊಡೆಯ ಹಿಡಿಕೆಯಂಥ ಕತ್ತು. ರಾಯಚೂರಿನ ಆ ಕಲ್ಯಾಣ ಮಂಟಪದ ವೇದಿಕೆಯ ಹಿಂದೆ ಹನ್ನೆರಡು ಅಡಿ ಎತ್ತರಕ್ಕೆ ನಿಂತು, ಕೆಳಗೆ ಕೂತವರ ತಲೆಗಳನ್ನು ಕುಕ್ಕಲು ಬಗ್ಗಿದಂತೆ ಕಾಣುತ್ತಿತ್ತು. ಕೂತವರು ಹತ್ತು ಜನ. ಒಂಬತ್ತು ಜನ ಗಣ್ಯರು, ಹತ್ತನೆಯವರು ಮೌನಪ್ಪ ಮಾಸ್ತರು.

ಫೆಬ್ರವರಿ ಎರಡು, ಜೌಗು ಪ್ರದೇಶಗಳ ದಿನ. ಕರೇದಿನ್ನಿ ಕೆರೆಯನ್ನು ಪಕ್ಷಿ ಸಂರಕ್ಷಿತ ಪ್ರದೇಶವೆಂದು ಸರ್ಕಾರ ಸಾರಿದ್ದಕ್ಕೆ ಸಂಭ್ರಮಾಚರಣೆ. ಕೆರೆ ಇರುವುದು ಅಲ್ಲಿಂದ ಎಪ್ಪತ್ತು ಕಿಲೋಮೀಟರು ದೂರ, ಕವಿತಾಳ ದಾಟಿ ಜಾಲಹಳ್ಳಿ ಕಡೆ ತಿರುಗಿದರೆ ಸಿಗುತ್ತದೆ. ಅರ್ಧ ನೀರು ದೇವದುರ್ಗ ತಾಲೂಕಿನದು, ಇನ್ನರ್ಧ ಮಾನ್ವಿಯದು. ಸಮಾರಂಭ ಯಾವ ದಂಡೆಯಲ್ಲಿ ಆಗಬೇಕೆಂದು ಎರಡೂ ಕಡೆಯ ಮುಖಂಡರು ಮೂರು ವಾರ ಚರ್ಚಿಸಿ, ಕೊನೆಗೆ ಹಕ್ಕಿಯೂ ಇಲ್ಲದ ನೀರೂ ಇಲ್ಲದ ಜಿಲ್ಲಾ ಕೇಂದ್ರವೇ ಆಗಲಿ ಎಂದು ಒಪ್ಪಿದ್ದರು.

ಮುಖ್ಯ ಅತಿಥಿಗಳು ವೇದಿಕೆಯ ಮೇಲೊಂದು ಬಟನ್ ಒತ್ತಿದರು. ಅತ್ತ ಕೆರೆಯ ಗೇಟಿನ ಬಳಿ ಫಲಕದ ಮೇಲಿನ ಹಸಿರು ಬಟ್ಟೆ ತಾನಾಗಿ ಸರಿಯಬೇಕು, ಇತ್ತ ಪರದೆಯ ಮೇಲೆ ಜನ ಅದನ್ನು ನೋಡಬೇಕು. ಬಟನ್ನಿಗೆ ಯಾವ ತಂತಿಯೂ ಇರಲಿಲ್ಲ. ಗುಮಾಸ್ತನೊಬ್ಬ ಪರದೆಯ ಹಿಂದೆ ನಿಂತು ಫೋನಿನಲ್ಲಿ "ಎಳಿ" ಎಂದ. ಅಲ್ಲಿ ಕಾವಲುಗಾರ ಹಾಲೇಶ ಬಟ್ಟೆ ಎಳೆದ. ಅದು ಮುಳ್ಳುತಂತಿಗೆ ಸಿಕ್ಕಿಕೊಂಡಿತು, ಬಿಡಿಸಿಕೊಂಡ. ಆ ಕೈ ಕೂಡ ಪರದೆಯ ಮೇಲೆ ಕಂಡಿತು. ಚಪ್ಪಾಳೆ ಬಿತ್ತು.

ಮೌನಪ್ಪ ಮಾಸ್ತರಿಗೆ ಅಷ್ಟರಲ್ಲಿ ಪೇಟ, ಶಾಲು, ಹಣ್ಣಿನ ಬುಟ್ಟಿ ಎಲ್ಲ ಸಂದಿದ್ದವು. ಮಾನ್ವಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುವ ಅವರು ಹನ್ನೊಂದು ವರ್ಷ ಪ್ರತಿ ಭಾನುವಾರ ಹುಟ್ಟೂರಿನ ಕೆರೆ ಏರಿಯ ಮೇಲೆ ಕೂತು ಹಕ್ಕಿ ಎಣಿಸಿದವರು. ಎಣಿಸಿದ್ದನ್ನು ಬರೆದು, ಬರೆದದ್ದನ್ನು ಕಂಡಕಂಡ ಕಚೇರಿಗೆ ಕಳಿಸಿ, ಕೊನೆಗೆ ಈ ಆದೇಶ ಹುಟ್ಟಿಸಿದ್ದರು. ಅವರ ಜೇಬಿನಲ್ಲಿ ಫೋನು ನಾಲ್ಕನೇ ಸಲ ನಡುಗಿದಾಗ, ಬಿದ್ದ ಪೆನ್ನು ಹುಡುಕುವವರಂತೆ ಮೇಜಿನ ಕೆಳಗೆ ಬಗ್ಗಿ ಕಿವಿಗಿಟ್ಟುಕೊಂಡರು. ತಮ್ಮ ಕೃಷ್ಣ.

"ಅಣ್ಣಾ, ಅವ್ವ ಹ್ವಾದ್ಲು."

"ಯಾವಾಗ?"

"ಈಗಿನ್ನ. ಚಾ ಕುಡದ್ಲು, ಮಗ್ಗಲಾದ್ಲು. ಬಿಸಿಲು ಬಂತು ಒಳಗ ಏಳು ಅಂದ್ರ ಏಳಲಿಲ್ಲ." ಕೃಷ್ಣ ಒಂದು ಉಸಿರು ತಗೊಂಡ. "ಗೇಟಿಗೆ ಕೀಲಿ ಹಾಕ್ಯಾರ. ಹಾಲೇಶ ಬಿಡವಲ್ಲ. ನೀ ದೊಡ್ಡ ಸಾಹೇಬ್ರ ಮಗ್ಗಲದಾಗ ಕುಂತೀಯಂತಲ್ಲ, ಒಂದು ಮಾತು ಹೇಳು. ಅಪ್ಪನ ಬಾಜೂಕ ಇಡಬೇಕಲ್ಲ ಆಕಿನ್ನ."

ಮೇಜಿನ ಕೆಳಗೆ ಹತ್ತು ಜೊತೆ ಕಾಲು. ಅವುಗಳಲ್ಲಿ ಯಾವ ಕಾಲಿಗೆ ಬಿದ್ದರೆ ಗೇಟು ತೆರೆಯುತ್ತದೆಂದು ಮಾಸ್ತರಿಗೆ ಗೊತ್ತಿತ್ತು. ಎಡದಿಂದ ಮೂರನೆಯ ಜೊತೆ, ಕಂದು ಬೂಟು, ವಲಯ ಅರಣ್ಯಾಧಿಕಾರಿ ಹನುಮಂತರಾಯರದು. ಆದರೆ ಅಷ್ಟರಲ್ಲಿ ನಿರೂಪಕಿ ಅವರ ಹೆಸರು ಕೂಗಿದಳು. ಎದ್ದು ಹೋಗಿ ಒಂಬತ್ತು ನಿಮಿಷ ಮಾತಾಡಿದರು. ಬಣ್ಣದ ಕೊಕ್ಕರೆ ಮಧ್ಯಾಹ್ನದ ಬಿಸಿಲಿಗೆ ರೆಕ್ಕೆ ಅಗಲಿಸಿ ಮರಿಗಳಿಗೆ ನೆರಳು ಮಾಡಿ ನಿಲ್ಲುವುದನ್ನು ಹೇಳುವಾಗ ದನಿ ಸ್ವಲ್ಪ ಒಡೆಯಿತು. ಸಭೆ ಅದನ್ನು ಪಕ್ಷಿಪ್ರೇಮವೆಂದು ತಿಳಿಯಿತು.

ಊರಿನ ದಕ್ಷಿಣಕ್ಕೆ, ಕೆರೆಯ ಒಳಗೆ ಚಾಚಿಕೊಂಡಂತೆ ಒಂದು ದಿನ್ನೆ ಇದೆ. ಬೂದಿಮಣ್ಣಿನ ದಿನ್ನೆ. ಮಳೆಗಾಲದಲ್ಲಿ ಮೂರು ಕಡೆ ನೀರು, ಒಂದು ಕಡೆ ಕಾಲುದಾರಿ. ಅದರ ತುಂಬ ನೂರಾರು ಕರಿಜಾಲಿ ಮರಗಳು. ಸುತ್ತಲ ಹತ್ತು ಹಳ್ಳಿಗಳಲ್ಲಿ ಅಷ್ಟು ಹಳೆಯ ಜಾಲಿ ಎಲ್ಲೂ ಉಳಿದಿಲ್ಲ. ಒಲೆಗೆ, ಇಟ್ಟಿಗೆ ಭಟ್ಟಿಗೆ, ಬಂಡಿಗೆ ಎಲ್ಲ ಹೋಗಿವೆ. ಇವು ಉಳಿದಿದ್ದಕ್ಕೆ ಒಂದೇ ಕಾರಣ, ಇವುಗಳ ಬೇರಿನ ಕೆಳಗೆ ಕೆಳಗೇರಿಯ ಹಿರಿಯರೆಲ್ಲ ಮಲಗಿದ್ದಾರೆ. ತಮ್ಮ ಅಜ್ಜನ ಎದೆಯ ಮೇಲೆ ಬೆಳೆದ ಮರಕ್ಕೆ ಕೊಡಲಿ ಹಾಕಲು ಕೆಳಗೇರಿಯವರು ಒಪ್ಪಲಿಲ್ಲ. ಮೇಲಗೇರಿಯವರು ಮೈಲಿಗೆಯಾಗುತ್ತದೆಂದು ಆ ಕಡೆ ಸುಳಿಯಲಿಲ್ಲ. ಮನುಷ್ಯರು ಹೀಗೆ ತಮ್ಮತಮ್ಮ ಕಾರಣಕ್ಕೆ ಬಿಟ್ಟುಕೊಟ್ಟ ಜಾಗಕ್ಕೆ ಕೊಕ್ಕರೆಗಳು ಬಂದು ಗೂಡು ಕಟ್ಟಿದವು. ಮಾಸ್ತರು ತಮ್ಮ ವರದಿಯಲ್ಲಿ ಇದನ್ನು 'ಸ್ಥಳೀಯರ ಪರಿಸರ ಪ್ರಜ್ಞೆ' ಎಂದು ಬರೆದಿದ್ದರು.

ಸ್ಮಶಾನ ಎಂದು ಬರೆಯಬಾರದೆಂಬುದು ಅವರದೇ ನಿರ್ಧಾರ. ಹಿಂದಿನ ವರ್ಷ ಸರ್ವೆಯವರು ಬರುವ ಮುನ್ನಾದಿನ ಕೆಳಗೇರಿಯ ಬೇವಿನ ಕಟ್ಟೆಯಲ್ಲಿ ಎಲ್ಲರನ್ನೂ ಕೂರಿಸಿ ಹೇಳಿದ್ದರು, ಸ್ಮಶಾನ ಅಂದರೆ ಕಡತ ಕಂದಾಯದ ಕಡೆ ಹೋಗುತ್ತದೆ, ಅಲ್ಲಿ ಹೋದದ್ದು ತಿರುಗಿ ಬರುವುದಿಲ್ಲ, ಅಷ್ಟರಲ್ಲಿ ಹಿನ್ನೀರಿನ ಹೊಲದವರು ಮರ ಕಡಿದು ಕೆರೆ ಒತ್ತಿರುತ್ತಾರೆ ಎಂದು. ಕೆಳಗೇರಿಯವರಿಗೆ ಈ ವಾದದಲ್ಲಿ ಅರ್ಧ ಅರ್ಥವಾಗಿತ್ತು. ಅವರಿಗೆ ಪೂರ್ತಿ ಅರ್ಥವಾಗಿದ್ದು ಬೇರೆ. ಟೇಪು ಹಿಡಿದು ಬರುವ ಸರ್ಕಾರದ ಮನುಷ್ಯ 'ಇಲ್ಲಿಗೆ ಯಾರು ಬರ್ತೀರಿ' ಎಂದು ಕೇಳಿದರೆ, ಯಾರೂ ಬರುವುದಿಲ್ಲ ಎನ್ನಬೇಕು. ಬರುತ್ತೇವೆ ಎಂದವರ ಮೇಲೆ ಕಟ್ಟಿಗೆ ಕದ್ದ ಕೇಸು, ಒತ್ತುವರಿ ಕೇಸು ಬಿದ್ದದ್ದನ್ನು ಮೂರು ತಲೆಮಾರು ನೋಡಿದ್ದರು. ಮರುದಿನ ಸರ್ವೆಯವರು ಕೇಳಿದಾಗ ಇಪ್ಪತ್ತೆರಡು ಜನ ಒಂದೇ ದನಿಯಲ್ಲಿ, ಕೇಳದವರಿಗೂ ಕೇಳುವಷ್ಟು ಜೋರಾಗಿ, "ನಾವು ಆ ಕಡಿ ಮಾರಿನೂ ಹಾಕಂಗಿಲ್ರಿ" ಎಂದರು. ಪಂಚನಾಮೆಗೆ ಇಪ್ಪತ್ತೆರಡು ಸಹಿ, ಹೆಬ್ಬೆಟ್ಟು ಬಿದ್ದವು.

ಹೆಣಗಳಿಗೆ ಕುಣಿ ತೋಡುವ ಪಕೀರಪ್ಪ ಮಾತ್ರ ಶಾಯಿ ಹಚ್ಚಿದ ಹೆಬ್ಬೆರಳನ್ನು ಗಾಳಿಯಲ್ಲಿ ಹಿಡಿದು ಕೇಳಿದ್ದ. "ಮೌನಪ್ಪ, ನಾಳಿಗಿ ಯಾರರ ಸತ್ರ?"

"ಕಾಗದದಾಗ ಅಷ್ಟ ಕಾಕಾ," ಎಂದಿದ್ದರು ಮಾಸ್ತರು. "ಹೆಣ ತಡಿಯೋರು ಯಾರದಾರ?"

ಬೇಲಿ ಬಂದು ಆರು ತಿಂಗಳಾಗಿತ್ತು. ಕೆಳಗೇರಿಯವರು ಆರು ತಿಂಗಳೂ ಸಾಯದೆ ಸಹಕರಿಸಿದ್ದರು. ಮಾಸ್ತರ ಅವ್ವ ವೆಂಕಮ್ಮ ಮೊದಲನೆಯವಳು.

ಊಟದ ಹಾಲಿನಲ್ಲಿ ಹನುಮಂತರಾಯರು ಹೋಳಿಗೆಯ ತಟ್ಟೆ ಹಿಡಿದು ನಿಂತಿದ್ದರು. ದೇವದುರ್ಗದ ಕಡೆಯವರೇ, ಕೆಟ್ಟವರಲ್ಲ. ಕಡತ ಓದಿ ಸಹಿ ಮಾಡುವವರೆಂದು ಹೆಸರಿತ್ತು.

"ಮಾತು ಭಾಳ ಚಲೋ ಆತ್ರಿ ಮಾಸ್ತರ್ರೇ. ಆ ನೆರಳು ಮಾಡೂದು ಹೇಳಿದ್ರಲ್ಲ, ಮುಂದಿನ ಸಾಲಿನಾಗ ಹೆಣ್ಮಕ್ಕಳು ಕಣ್ಣೀರು ತಗದ್ರು."

"ಸರ, ನಮ್ಮವ್ವ ತೀರಿಕೊಂಡ್ಲು."

ಹನುಮಂತರಾಯರು ತಟ್ಟೆಯನ್ನು ಕಿಟಕಿಯ ಮೇಲಿಟ್ಟರು. "ಅಯ್ಯ! ಯಾವಾಗ್ರಿ?"

"ಈಗ. ಸ್ಟೇಜ್ ಮ್ಯಾಗ ಇದ್ದಾಗ ಫೋನ್ ಬಂತು."

"ಮತ್ತ ಇಲ್ಲ್ಯಾಕ ನಿಂತೀರಿ? ನಮ್ಮ ಜೀಪ್ ತಗೊಂಡು ನಡೀರಿ ಮೊದಲು."

"ಗೇಟ್ ತಗಸಬೇಕ್ರಿ ಸರ."

"ಯಾವ ಗೇಟು?"

ಮಾಸ್ತರು ಹೇಳಿದರು. ದಿನ್ನೆಯ ಮೇಲೆ ತಮ್ಮ ಅಪ್ಪ ಇರುವುದನ್ನು, ಅಜ್ಜ ಇರುವುದನ್ನು, ಅವ್ವ ಪ್ರತಿ ಅಮಾವಾಸ್ಯೆಗೆ ಹೋಗಿ ಗಂಡನ ಪಕ್ಕದ ಜಾಗದಲ್ಲಿ ಬೆಳೆದ ಹುಲ್ಲು ಕಿತ್ತು ಬರುತ್ತಿದ್ದುದನ್ನು. 'ಇದು ನಂದು, ಬ್ಯಾರೆ ಯಾರಿಗೂ ಕೊಡಬ್ಯಾಡ್ರಿ' ಎಂದು ಮಕ್ಕಳಿಗೂ ಪಕೀರಪ್ಪನಿಗೂ ನೂರು ಸಲ ಹೇಳಿದ್ದಳು. ಬೇಲಿ ಬಂದ ಮೇಲೆ ಹುಲ್ಲು ಎಷ್ಟು ಬೆಳೆದಿದೆಯೋ ಎಂಬುದೊಂದೇ ಅವಳ ಚಿಂತೆಯಾಗಿತ್ತು.

ಹನುಮಂತರಾಯರು ಬೆರಳು ಒರೆಸಿಕೊಂಡರು. ಆಮೇಲೆ ಫೋನು ತೆಗೆದು ಪಂಚನಾಮೆಯ ಒಂದು ಪುಟದ ಫೋಟೊ ತೋರಿಸಿದರು. ಅಕ್ಷರ ದುಂಡಗಿದ್ದವು, ಸಾಲು ನೇರವಾಗಿದ್ದವು. 'ಸದರಿ ದಿನ್ನೆಯಲ್ಲಿ ಸ್ಮಶಾನವಾಗಲೀ, ಗೋರಿಗಳಾಗಲೀ, ಸಾರ್ವಜನಿಕರ ಯಾವುದೇ ಬಳಕೆಯಾಗಲೀ ಇರುವುದಿಲ್ಲ.'

"ಇದು ನಿಮ್ಮ ಕೈಬರಹ ಅಲ್ಲೇನ್ರಿ?"

"ಹೌದ್ರಿ."

"ನಾ ಈಗ ಸ್ಮಶಾನ ಅದ ಅಂತ ಗೇಟ್ ತಗದ್ರ ಇದು ಸುಳ್ಳಾತು. ಇದು ಸುಳ್ಳಾದ್ರ ಆದೇಶ ನಿಂದ್ರಂಗಿಲ್ಲ. ಕೋರ್ಟಿಗೆ ಹೋಗಾಕ ತುದಿಗಾಲ ಮ್ಯಾಗ ನಿಂತವ್ರು ಯಾರ್ಯಾರು ಅಂತ ನಿಮಗೇ ಗೊತ್ತದ. ಮುಂದಿನ ವರ್ಷ ಆ ಜಾಲಿ ಭಟ್ಟಿಯಾಗ ಇರ್ತಾವ."

"ಊರಾಗ ಬ್ಯಾರೆ ಜಾಗ ಇಲ್ರಿ ನಮಗ."

"ಅರ್ಜಿ ಹಾಕ್ರಿ, ಕೊಡ್ತಾರ."

"ಅವ್ವನ್ನ ಅಲ್ಲೀ ತನಕ ಎಲ್ಲಿ ಇಡ್ಲಿ ಸರ?"

ಹನುಮಂತರಾಯರು ಹೋಳಿಗೆಯತ್ತ ನೋಡಿದರು. ಆಮೇಲೆ ದನಿ ತಗ್ಗಿಸಿದರು. "ಒಂದು ಕೆಲಸ ಮಾಡೋಣ. ಸ್ಮಶಾನ ಅಂತ ಬ್ಯಾಡ. ಕೆರಿ ಸಲುವಾಗಿ ಹನ್ನೊಂದು ವರ್ಷ ದುಡದವ್ರ ತಾಯಿ, ವಿಶೇಷ ಪ್ರಕರಣ, ಮಾನವೀಯ ನೆಲೆ, ಹಂಗ ಬರಕೊಡ್ತೀನಿ. ಮರಿ ಅದಾವ ಈಗ. ಷರತ್ತು ನೀವೇ ಹಾಕ್ರಿ, ಆ ಹಕ್ಕಿ ಬಗ್ಗೆ ನಿಮಗಿಂತ ತಿಳಿದವ್ರು ಈ ಜಿಲ್ಲಾದಾಗ ಯಾರದಾರ?"

ಮಾಸ್ತರು ಸಮಾರಂಭದ ಆಮಂತ್ರಣ ಪತ್ರಿಕೆಯ ಹಿಂದೆ ಬರೆಯತೊಡಗಿದರು. ಒಂದು: ಹಲಗೆ, ಬಾಜಾ ಇರಕೂಡದು. ಎರಡು: ಐದು ಜನರಿಗಿಂತ ಹೆಚ್ಚು ಒಳಗೆ ಹೋಗಕೂಡದು. ಮೂರು: ಅಳುವುದು, ಕೂಗುವುದು ಗೇಟಿನ ಹೊರಗೇ ಮುಗಿಯತಕ್ಕದ್ದು. ನಾಲ್ಕು: ಒಂದೂವರೆ ತಾಸಿನೊಳಗೆ ಹೊರಬರತಕ್ಕದ್ದು. ಐದನೆಯದಕ್ಕೆ ಪೆನ್ನು ನಿಂತಿತು. ಮೂರನೇ ದಿನ ಮಣ್ಣಿನ ಮೇಲೆ ಎಡೆ ಇಡುವುದುಂಟು. ಸತ್ತವರಿಗೆ ಇಷ್ಟವಾದದ್ದೆಲ್ಲ ಮಾಡಿ ಇಟ್ಟು, ಕಾಗೆ ಬಂದು ಮುಟ್ಟುವ ತನಕ ದೂರ ನಿಂತು ಕಾಯುತ್ತಾರೆ. ಕಾಗೆ ಮುಟ್ಟದಿದ್ದರೆ ಸತ್ತವರಿಗೆ ಇನ್ನೂ ಏನೋ ಆಸೆ ಉಳಿದಿದೆ ಎಂದು ಲೆಕ್ಕ. ಆದರೆ ಎಡೆಗೆ ಬಂದ ಕಾಗೆ ಎಡೆ ತಿಂದು ಸುಮ್ಮನೆ ಹೋಗುವುದಿಲ್ಲ, ತಲೆ ಎತ್ತಿ ಗೂಡು ನೋಡುತ್ತದೆ. ಇದು ಮಾಸ್ತರಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿದಿರಲಿಲ್ಲ. ಬರೆದರು. ಐದು: ಎಡೆ ಇಡಕೂಡದು.

"ಆರನೇದು ನಾ ಹೇಳ್ತೀನಿ, ಬರಕೋರಿ," ಎಂದರು ಹನುಮಂತರಾಯರು. "ಇದೇ ಕೊನೆಯದು. ಇನ್ನು ಮುಂದೆ ಕರೇದಿನ್ನಿ ಕೆಳಗೇರಿಯ ಯಾರೂ ಸದರಿ ಜಾಗದಲ್ಲಿ ಹೂಳಲು ಕೇಳುವುದಿಲ್ಲವೆಂದು ಸಮಸ್ತರ ಪರವಾಗಿ ಒಪ್ಪಿ ಬರೆದುಕೊಟ್ಟಿರುತ್ತೇನೆ."

ಪೆನ್ನು ಕಾಗದದಿಂದ ಮೇಲೆದ್ದಿತು. "ಸಮಸ್ತರ ಪರವಾಗಿ ನಾ ಹೆಂಗ ಸೈ ಮಾಡ್ಲಿ ಸರ?"

"ಪಂಚನಾಮೆಗೆ ಹೆಂಗ ಮಾಡಿಸಿದ್ರಿ?"

ಅದರಲ್ಲಿ ವ್ಯಂಗ್ಯವಿರಲಿಲ್ಲ. ಹನುಮಂತರಾಯರು ನಿಜಕ್ಕೂ ಕಾರ್ಯವಿಧಾನ ಕೇಳುತ್ತಿದ್ದರು.

ಫೋನು ಮತ್ತೆ ನಡುಗಿತು. ಕೃಷ್ಣನೇ ಇರಬೇಕು. ಬಿಸಿಲಿಗೆ ಹೆಣ ಎಷ್ಟು ಹೊತ್ತು ತಡೆಯುತ್ತದೆಂದು ವಿಜ್ಞಾನದ ಮಾಸ್ತರಿಗೆ ಯಾರೂ ಹೇಳಬೇಕಾಗಿರಲಿಲ್ಲ. ಬರೆದರು. ಕೆಳಗೆ ಸಹಿ ಮಾಡಿದರು. ಅದರ ಪಕ್ಕದಲ್ಲಿ ಹನುಮಂತರಾಯರು 'ಷರತ್ತುಗಳಿಗೆ ಒಳಪಟ್ಟು ಅನುಮತಿಸಿದೆ' ಎಂದು ಬರೆದು, ಮೊಹರನ್ನು ನಾಳೆ ಹಾಕಿಸುತ್ತೇನೆ ಎಂದರು.

ಜೀಪು ಕೆಳಗೇರಿ ಮುಟ್ಟಿದಾಗ ಮೂರು ಗಂಟೆ ದಾಟಿತ್ತು. ಮನೆಯ ಮುಂದೆ ವೆಂಕಮ್ಮನನ್ನು ಗೋಡೆಗೆ ಒರಗಿಸಿ ಕೂರಿಸಿ, ಹಣೆಗೆ ಭಂಡಾರ ಹಚ್ಚಿದ್ದರು. ಡ್ರೈವರ್ ಒಳ್ಳೆಯ ಮನಸ್ಸಿನಿಂದ ಹಳದಿ ಹಾಳೆ ಸುತ್ತಿದ ಹಣ್ಣಿನ ಬುಟ್ಟಿಯನ್ನೂ ಪೇಟವನ್ನೂ ತಂದು ಹೆಣದ ಪಕ್ಕದಲ್ಲೇ ಇಟ್ಟು ಹೋದ. ಹೆಂಗಸರು ಬುಟ್ಟಿ ನೋಡಿದರು, ಮಾಸ್ತರನ್ನು ನೋಡಿದರು, ಮತ್ತೆ ಅಳಲು ಶುರು ಮಾಡಿದರು. ಮಾಸ್ತರು ಅವ್ವನ ಪಾದ ಹಿಡಿದು ಕೂತರು. ಅವರಿಗೆ ಅಳು ಬಂದದ್ದು ಆಗಲೇ. ಆದರೆ ಹೆಚ್ಚು ಹೊತ್ತು ಕೂರಲಿಲ್ಲ. ಎದ್ದು ಹಲಗೆ ಬಾರಿಸುತ್ತಿದ್ದ ಸೂಗಪ್ಪನ ಹತ್ತಿರ ಹೋಗಿ ಅವನ ಕೈ ಹಿಡಿದರು.

"ಸೂಗಪ್ಪ, ಹಲಗಿ ಇಲ್ಲೇ ಸಾಕು. ಕೆರಿ ತನಕ ಬ್ಯಾಡ."

"ಯಾಕ್ರೀ ಮಾಸ್ತರ? ನಿಮ್ಮವ್ವಗ ಹಲಗಿ ಇಲ್ದ ಮಣ್ಣೇನು? ಕದ್ದು ಇಟ್ಟಂಗ ಆಕ್ಕದಲ್ರಿ."

"ಮರಿ ಅದಾವಪ್ಪ ಗೂಡಿನಾಗ. ಅಳೂದೂ ಗೇಟಿನ ಹೊರಗ ಮುಗಸಬೇಕು. ಐದು ಮಂದಿ ಅಷ್ಟ ಒಳಗ."

ವೆಂಕಮ್ಮನ ಓರಗೆಯ ಯಮನಮ್ಮ ಸೆರಗು ಬಾಯಿಂದ ತೆಗೆದಳು. ಎಪ್ಪತ್ತರ ಮುದುಕಿ, ವೆಂಕಮ್ಮನ ಜೊತೆ ನಲವತ್ತು ವರ್ಷ ಒಂದೇ ಸಾಲಿನಲ್ಲಿ ಭತ್ತದ ನಾಟಿ ಮಾಡಿದವಳು. "ಅಳಾಕೂ ಪರ್ಮಿಷನ್ ತಂದೀಯೇನೋ ಮೌನ್ಯಾ? ಎಷ್ಟು ಅಳಬೇಕು ಅಂತ ಬರಕೊಟ್ಟಾರ, ಓದಿ ಹೇಳು. ಕಮ್ಮಿ ಬಿದ್ರ ನಾಳಿ ಬಂದು ಅಳ್ತೀವಿ."

"ಯವ್ವಾ, ನಿನ್ನ ಕಾಲು ಬೀಳ್ತೀನಿ."

"ನನ್ನ ಕಾಲು ಬಿಡು. ಆಕಿ ಕಾಲು ಹಿಡಿ."

ಹೆಣ ಹೊರಟಿತು. ಮೂವತ್ತು ನಲವತ್ತು ಜನ, ಮಾತಿಲ್ಲದೆ. ಕೆರೆ ಏರಿಯ ಮೇಲೆ ಬರೀ ಚಪ್ಪಲಿಯ ಸದ್ದು. ಗೇಟಿನ ಬಳಿ ಹೊಸ ಫಲಕ ಬಿಸಿಲಿಗೆ ಹೊಳೆಯುತ್ತಿತ್ತು. ಹಾಲೇಶ ದಾವಣಗೆರೆ ಕಡೆಯ ಹುಡುಗ, ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಹೆಣ ನೋಡಿ ಟೋಪಿ ತೆಗೆದ, ಮತ್ತೆ ಹಾಕಿಕೊಂಡ.

"ಸಾಹೇಬ್ರು ಫೋನ್ ಮಾಡಿದ್ರು ಸಾರ್. ಬಿಡ್ಬೇಕು ಅಂದ್ರು. ಆದ್ರೆ ಮೊದ್ಲು ಷರತ್ತು ಎಲ್ಲರಿಗೂ ಕೇಳೋ ಹಂಗೆ ಓದ್ಬೇಕಂತೆ."

"ನಾ ಹೇಳೀನಿ ಎಲ್ಲರಿಗೂ. ಕೀಲಿ ತಗಿ."

"ಓದಿ, ವಿಡಿಯೋ ಮಾಡಿ ಕಳ್ಸು ಅಂದಿದಾರೆ ಸಾರ್. ನನ್ನ ಕೆಲ್ಸದ ಪ್ರಶ್ನೆ."

ಮಾಸ್ತರು ಕಾಗದ ಕೊಡಲಿಲ್ಲ. ಹಾಲೇಶ ಚಾಚಿದ ಕೈ ಹಾಗೇ ಇಟ್ಟುಕೊಂಡಿದ್ದ. ಹೆಣ ಹೊತ್ತವರು ಹೆಗಲು ಬದಲಿಸಿದರು. ಕೃಷ್ಣ ಹಿಂದಿನಿಂದ, "ಕೊಡಣ್ಣ, ಭಾರ ಆಗಾಕತ್ತದ" ಎಂದ. ಕೊಟ್ಟರು.

ಹಾಲೇಶ ಶಾಲೆಯ ಹುಡುಗನ ಹಾಗೆ ಒಂದೊಂದೇ ಅಕ್ಷರ ಬಿಡಿಸಿ ಓದಿದ. ಎಡೆಯ ಮಾತು ಬಂದಾಗ ಹೆಂಗಸರಲ್ಲಿ ಗುಜುಗುಜು ಎದ್ದಿತು. ಆರನೆಯದು ಬಂದಾಗ ಅವನಿಗೇ ಏನೋ ಅನಿಸಿ ದನಿ ಇಳಿಸಿದ. ಆದರೂ ಎಲ್ಲರಿಗೂ ಕೇಳಿತು. 'ಸಮಸ್ತರ ಪರವಾಗಿ.' ಆಮೇಲೆ ಸಹಿ ಮಾಡಿದವರ ಹೆಸರು, ಹುದ್ದೆ, ಊರು.

ಯಾರೂ ಬೈಯಲಿಲ್ಲ. ಬೈದಿದ್ದರೆ ಮಾಸ್ತರಿಗೆ ಸುಲಭವಾಗುತ್ತಿತ್ತು. ಯಮನಮ್ಮ ಮಾತ್ರ ಮಗ ಉಮೇಶನ ತೋಳು ಹಿಡಿದು, ಪಾಠ ತಿಳಿಯದ ಮಗುವಿನಂತೆ ಕೇಳಿದಳು. "ಹಂಗಾರ ನಾನು?"

ಉಮೇಶ ಗೇಟಿನ ಒಳಗೆ ನೋಡಿದ. ಅವನ ಅಪ್ಪನೂ ಒಳಗೇ ಇದ್ದ. ಪಕೀರಪ್ಪ ಸಲಿಕೆಯನ್ನು ಹೆಗಲಿಂದ ಹೆಗಲಿಗೆ ದಾಟಿಸಿ ಮುಂದೆ ಬಂದ. ಅವನ ಹೆಂಡತಿ ಒಳಗೆ ಹೋಗಿ ಒಂಬತ್ತು ವರ್ಷ.

"ಹೆಣ ಬಿಸಿಲಿಗೆ ಇಟ್ಟು ಮಾತು ಬ್ಯಾಡ. ಕೀಲಿ ತಗೀಯಪ್ಪ. ಯಾರ್ಯಾರು ಐದು ಮಂದಿ? ಮಕ್ಕಳಿಬ್ರು. ನಾನು. ಉಮೇಶ ಬಾ. ಸೂಗಪ್ಪ, ಹಲಗಿ ಇಟ್ಟು ನೀನೂ ಬಾ. ಹಾರಿ, ಸಲಿಕಿ ಎಲ್ಲ ತರ್ರಿ."

ಐದು ಜನರೂ ಹೆಣದ ಸಮೇತ ಮರಗಳ ಕೆಳಗೆ ಕಾಲಿಟ್ಟಾಗ ಮೊದಲು ಎರಡು ಕೊಕ್ಕರೆ ಎದ್ದವು. ಆಮೇಲೆ ಇಡೀ ದಿನ್ನೆಯೇ ಎದ್ದ ಹಾಗೆ ಎದ್ದವು. ರೆಕ್ಕೆಯ ಗಾಳಿಗೆ ಒಣ ಹಿಕ್ಕೆ, ಗರಿ ಉದುರಿದವು. ದೊಡ್ಡ ಹಕ್ಕಿಗಳು ಕೂಗುವುದಿಲ್ಲ, ಕೊಕ್ಕು ಬಡಿಯುತ್ತವೆ. ಬಿಟ್ಟುಹೋದ ಗೂಡುಗಳಿಂದ ಮರಿಗಳ ಕೀರಲು ಸದ್ದು ಸುರಿಯಿತು. ಸ್ವಲ್ಪ ಹೊತ್ತಿಗೆ ಕೆರೆಯ ಆಚೆಯಿಂದ ಹದ್ದುಗಳು ಬಂದವು, ಅವಸರವಿಲ್ಲದೆ.

ವೆಂಕಮ್ಮ ಕಾಯ್ದಿಟ್ಟ ಜಾಗದಲ್ಲಿ ಮೊಣಕಾಲುದ್ದ ಹುಲ್ಲು ಬೆಳೆದಿತ್ತು. ಬೂದಿಮಣ್ಣು ಮೆತ್ತಗಿತ್ತು, ಸಲಿಕೆ ಸದ್ದಿಲ್ಲದೆ ಇಳಿಯುತ್ತಿತ್ತು. ಮುಕ್ಕಾಲು ತಾಸಿಗೆ ಕುಣಿ ಸಿದ್ಧವಾಯಿತು. ಅವ್ವನನ್ನು ಕೆಳಗಿಳಿಸುವಾಗ ಮಾಸ್ತರ ಕಣ್ಣು ಎರಡು ಸಲ ಮೇಲೆ ಹೋಯಿತು. ಒಂದು ಹದ್ದು ಮರಿಯೊಂದನ್ನು ಎತ್ತಿತು. ಇನ್ನೊಂದು ಎತ್ತಲು ಹೋಗಿ ಬೀಳಿಸಿತು.

"ಎಣಸಾಕತ್ತೀಯೇನಣ್ಣ?" ಎಂದ ಕೃಷ್ಣ, ಹಗ್ಗದ ಇನ್ನೊಂದು ತುದಿಯಿಂದ.

"ಇಲ್ಲ."

"ಕೆಳಗ ನೋಡು."

ಮಾಸ್ತರು ಮಣ್ಣು ಕೊಟ್ಟರು, ಕೃಷ್ಣ ಕೊಟ್ಟ. ಉಳಿದವರು ಮುಚ್ಚಿದರು. ಮುಚ್ಚಿ ಮುಗಿದಾಗ ಒಂದು ತಾಸು ಐದು ನಿಮಿಷ ಆಗಿತ್ತು. ಮಾಸ್ತರು ಗಡಿಯಾರ ನೋಡಿ, "ನಡೀರಿ, ಲಗೂನ ಹೊರಗ ಹೋದ್ರ ಹಕ್ಕಿ ಕೂಡ್ತಾವ" ಎಂದರು.

ಪಕೀರಪ್ಪ ಹೊರಡಲಿಲ್ಲ. ನಾಲ್ಕು ಹೆಜ್ಜೆ ಆಚೆ ಹೋಗಿ, ಹೆಂಡತಿಯ ತಲೆಯ ಕಡೆಯ ಕಲ್ಲು ಹುಡುಕಿ, ಅದರ ಪಕ್ಕದಲ್ಲಿ ಸಲಿಕೆಯಿಂದ ಉದ್ದಕ್ಕೊಂದು ಗೆರೆ, ಅಡ್ಡಕ್ಕೊಂದು ಗೆರೆ ಎಳೆದ. ಅಗೆಯತೊಡಗಿದ.

"ಕಾಕಾ, ಏನು ಮಾಡಾಕತ್ತಿ?"

"ನಿನ್ನ ಕಾಗದದಾಗ ಇನ್ನೂ ಎಷ್ಟು ಟೈಮ್ ಅದ?"

"ಇಪ್ಪತ್ತೈದು ನಿಮಿಷ. ಅದಕ್ಕ?"

"ಅದಕ್ಕ ತೋಡಾಕತ್ತೀನಿ. ಗೇಟ್ ತೆರದದ ಇವತ್ತು. ನಾ ಸತ್ತಾಗ ತೆಗಿಯಂಗಿಲ್ಲ. ಆಗ ಯಾರರ ಇಬ್ರು ತಂತಿ ದಾಟಿಸಿ ತಂದು ಇಟ್ಟು ಮುಚ್ಚಿದ್ರ ಸಾಕು. ತೋಡೂ ಕೆಲಸ ಉಳೀತು." ಒಂದು ಸಲಿಕೆ ಮಣ್ಣು ಎತ್ತಿ ಹಾಕಿದ. "ನ್ಯಾಯವಾಗಿ ನೋಡಿದ್ರ ನಿನ್ನ ಹಕ್ಕಿಗೂ ತ್ರಾಸು ಕಮ್ಮಿ."

"ಕಾಕಾ, ಕಾನೂನು..."

"ಕಾನೂನು ನನಗ ಗೊತ್ತಿಲ್ಲೇನು? ನಾ ಹೆಬ್ಬೆಟ್ಟು ಒತ್ತೀನಿ, ಈ ಕಡಿ ಮಾರಿ ಹಾಕಂಗಿಲ್ಲ ಅಂತ. ನೀನೇ ಒತ್ತಿಸಿದ್ದಿ."

ಉಮೇಶ ಅತ್ತಿತ್ತ ನೋಡಿದ. ಅಪ್ಪನ ಮಣ್ಣು ಎಲ್ಲಿದೆಯೆಂದು ಹುಡುಕುವುದು ಕಷ್ಟವಾಗಲಿಲ್ಲ. ಗೇಟಿನ ಹೊರಗೆ ಜೀವಂತ ನಿಂತ ತಾಯಿಗೆ ಒಂದು ಅಂದಾಜು ಹಾಕಿ, ತನ್ನ ಎದೆಯ ತನಕ ಬರುತ್ತಾಳೆ ಎಂದು ಎದೆ ಮುಟ್ಟಿ ನೋಡಿಕೊಂಡು, ಗೆರೆ ಎಳೆದ. ಸೂಗಪ್ಪನ ಅಪ್ಪ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದ. ಸೂಗಪ್ಪ ಹಾರೆ ಎತ್ತಿಕೊಂಡ. ಕೃಷ್ಣ ಯಾರಿಗೆ ತೋಡಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತು, ಆಮೇಲೆ ಪಕೀರಪ್ಪನ ಜೊತೆ ಕೈ ಹಚ್ಚಿದ. ಮುದುಕನ ಉಸಿರು ಏರಿತ್ತು.

ಗೇಟಿನ ಕಡೆಯಿಂದ ಸೀಟಿ ಕೇಳಿತು. ಒಮ್ಮೆ, ಮತ್ತೊಮ್ಮೆ. ಮಾಸ್ತರು ಮರಗಳ ನಡುವೆ ನಡೆದುಹೋದರು. ದಾರಿಯಲ್ಲಿ ಬಿದ್ದ ಮರಿಯೊಂದು ಸಿಕ್ಕಿತು, ಇನ್ನೂ ಬಿಳಿ ತುಪ್ಪಳ. ಕೊಕ್ಕು ತೆರೆದು ಮುಚ್ಚಿತು. ಅದನ್ನು ದಾಟಿದರು.

ಹಾಲೇಶ ಫೋನಿನಲ್ಲಿ ಸಮಯ ತೋರಿಸಿದ. "ಮುಗೀತಾ ಸಾರ್? ಟೈಮಾಯ್ತು. ಹಕ್ಕಿ ಎಲ್ಲ ಮೇಲೇ ಇದಾವೆ. ನೀವೇ ಹೇಳ್ಕೊಟ್ಟಿದ್ರಲ್ಲ, ಜಾಸ್ತಿ ಹೊತ್ತು ಎಬ್ಬಿಸ್ಬಾರ್ದು ಅಂತ."

ಅವನ ಹಿಂದೆ ಮೂವತ್ತು ಜನ ನಿಂತಿದ್ದರು. ಯಮನಮ್ಮ ಫಲಕದ ಕಂಬಕ್ಕೆ ಒರಗಿ ಕೂತಿದ್ದಳು.

"ಕಲ್ಲು ಸಿಕ್ಕದಪ್ಪ," ಎಂದರು ಮಾಸ್ತರು. ಆ ದಿನ್ನೆಯ ಬೂದಿಯಲ್ಲಿ ಹತ್ತಾಳುದ್ದ ಅಗೆದರೂ ಒಂದು ಕಲ್ಲು ಸಿಗುವುದಿಲ್ಲವೆಂದು ಅವರೇ ವರದಿಯಲ್ಲಿ ಬರೆದಿದ್ದರು. "ಇನ್ನೂ ಒಂದು ತಾಸು ಬೇಕು."

"ಸಾರ್, ಮರಿಗಳು..."

"ಗೊತ್ತದ."

ವಾಪಸು ಬಂದಾಗ ಪಕೀರಪ್ಪನ ಕುಣಿ ಸೊಂಟದ ತನಕ ಇಳಿದಿತ್ತು. ಮುದುಕ ಅಂಚಿನಲ್ಲಿ ಕೂತು ಬೀಡಿ ಹಚ್ಚದೆ ಬಾಯಲ್ಲಿಟ್ಟುಕೊಂಡಿದ್ದ, ಹೊಗೆ ಹಕ್ಕಿಗೆ ಆಗುವುದಿಲ್ಲವೆಂದು ಯಾವಾಗಲೋ ಕೇಳಿದ್ದ. ಮಾಸ್ತರನ್ನು ಮೇಲಿಂದ ಕೆಳಗೆ ನೋಡಿದ.

"ಎತ್ತರದಾಗ ನೀನೂ ನಾನೂ ಒಂದ ಅಲ್ಲೇನು? ಇಳಿದು ಮಲಕೊಂಡು ನೋಡು. ನಾ ಇಳಿದ್ರ ತಿರುಗಿ ಮ್ಯಾಲ ಬರಾಕ ಮೊಣಕಾಲು ಇಲ್ಲ."

"ಅಪಶಕುನ ಕಾಕಾ," ಎಂದ ಕೃಷ್ಣ.

"ಅದಕ್ಕ ಷರತ್ತು ಇಲ್ಲಲ್ಲ."

ಮಾಸ್ತರು ಚಪ್ಪಲಿ ಬಿಟ್ಟು ಇಳಿದರು. ಮಲಗಿದರು. ಬೂದಿ ತಣ್ಣಗಿತ್ತು. ಮೇಲೆ ಉದ್ದನೆಯ ಆಕಾಶ, ಅದರ ತುಂಬ ಕೊಕ್ಕರೆಗಳು ಸುತ್ತುತ್ತಿದ್ದವು. ಸುತ್ತು ಇಳಿಯುತ್ತ ಬಂದು, ಮರದ ತುದಿ ಮುಟ್ಟುವಷ್ಟರಲ್ಲಿ ಉಮೇಶನ ಸಲಿಕೆಗೆ ಬೆದರಿ ಮತ್ತೆ ಏರುತ್ತಿದ್ದವು. ಹದ್ದುಗಳು ಅವುಗಳ ಕೆಳಗೆ, ಆರಾಮಾಗಿ.

"ಕಾಲು ಚಾಚು," ಎಂದ ಪಕೀರಪ್ಪ ಮೇಲಿಂದ. "ತಲಿ ತಾಗತದೇನು?"

"ಇಲ್ಲ."

"ಬರೋಬ್ಬರಿ ಅದ?"

"ಅದ."

"ಹಂಗಾರ ಏಳು. ಇನ್ನ ಎರಡು ತೋಡೂದದ."